ಛತ್ರದ ಸಾಫ್ಟ್‌ವೇರಿನ ಹೂಮಳೆ

ಆಫೀಸಿನಲ್ಲಿ ಒಬ್ಬರು ತರಬೇತಿಗೆ ಹೋಗಿಬಂದರೆ ಸಾಕು, ಉಳಿದವರೆಲ್ಲ ಅನುಭವಿಸಬೇಕು. ಎರಡು ಸಾವಿರದ ಏಳೋ ಎಂಟೋ ಇರಬೇಕು. ನಮ್ಮ ಪುಟ್ಟ ಕಂಪನಿ ಜಯನಗರದ ಒಂದು ಮನೆಯ ಮಹಡಿಯ ಮೇಲಿತ್ತು. ಮದುವೆ ಛತ್ರಗಳ ಬುಕಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನನ್ನದು ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹುಡುಕಿ ನಾನು ಬೈಸಿಕೊಳ್ಳುವ ಕೆಲಸ.

ನಮ್ಮ ಮ್ಯಾನೇಜರು ತರಬೇತಿ ಮುಗಿಸಿ ಬಂದವರೇ, "ಇವತ್ತಿಂದ ನಾವು ಅಜೈಲ್, ಅಂದ್ರೆ ಚುರುಕು. ನಾನು ಪ್ರಾಡಕ್ಟ್ ಓನರ್. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ನಾನು ಹೇಳ್ತೀನಿ" ಅಂದರು. ಅಲ್ಲಿಯವರೆಗೂ ಹೇಳುತ್ತಿದ್ದದ್ದು ಅವರೇ. ಈಗ ಗೋಡೆಗೆ ಚೀಟಿ ಅಂಟಿಸಿ ಹೇಳತೊಡಗಿದರು.

ನಿಂತು ಮಾಡುವ ಮೀಟಿಂಗು

ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡಬೇಕೆಂದು ಹೊಸ ಕಾನೂನು ಬಂತು. ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡ ಕಡೆಯ ಹುಡುಗನೊಬ್ಬ ನಮ್ಮ ಪ್ರೋಗ್ರಾಮರ್. ಒಂದು ದಿನ ಅವನಿಗೆ ತಡೆಯಲಾಗಲಿಲ್ಲ.

"ಸರ, ಬಸ್ಸಿನ್ಯಾಗೂ ನಿಂತಕೊಂಡ ಬಂದೀನ್ರಿ, ಇಲ್ಲೂ ನಿಂದ್ರಬೇಕೇನ್ರಿ?"

"ಕೂತ್ಕೊಂಡ್ರೆ ಮೀಟಿಂಗು ಉದ್ದ ಆಗತ್ತೆ ಕಣಯ್ಯಾ" ಎಂದರು ಮ್ಯಾನೇಜರು, ಮಂಡಿನೋವಿನ ನೆಪದಲ್ಲಿ ಕುರ್ಚಿಯಲ್ಲಿ ಒರಗಿ ಕೂತು.

"ಹೌದ್ರಿ ಸರ, ಕಾಣಾಕತ್ತೈತ್ರಿ" ಎಂದ ಅವನು.

ಇಸ್ಪೀಟು

ಯಾವ ಕೆಲಸ ಎಷ್ಟು ದೊಡ್ಡದು ಅನ್ನುವ ಅಂದಾಜಿಗೂ ಒಂದು ಪದ್ಧತಿ ಬಂತು. ಎಲ್ಲರೂ ಕೈಯಲ್ಲಿ ನಂಬರಿನ ಕಾರ್ಡು ಹಿಡಿದು ಒಟ್ಟಿಗೆ ತೋರಿಸಬೇಕು; ದೊಡ್ಡ ಕೆಲಸಕ್ಕೆ ದೊಡ್ಡ ನಂಬರು. ಹಾಗೆ ತೋರಿಸುತ್ತಿದ್ದಾಗಲೇ ಕೆಳಗಿನ ಮನೆ ಓನರ್ ಅಂಕಲ್ ನೀರಿನ ಟ್ಯಾಂಕು ನೋಡಲು ಮೇಲೆ ಬಂದರು.

"ಏನ್ರೀ ಇದು? ಮರ್ಯಾದಸ್ಥರು ಅಂತ ಬಾಡಿಗೆ ಕೊಟ್ರೆ ಹಗಲು ಹೊತ್ತಲ್ಲೇ ಇಸ್ಪೀಟಾ!"

"ಇಸ್ಪೀಟಲ್ಲ ಅಂಕಲ್, ಕೆಲಸದ ಅಂದಾಜು" ಎಂದರು ಮ್ಯಾನೇಜರು.

"ಮತ್ತೆ ಎಲ್ಲರೂ ಎಂಟು ಹಿಡಿದಿದಾರೆ, ನೀವೊಬ್ರೇ ಎರಡು?"

"ಕೊನೆಗೆ ನಾನು ಹೇಳಿದ್ದೇ ಲೆಕ್ಕ ಅಂಕಲ್."

ಅಂಕಲ್ ಮೆಟ್ಟಿಲಿಳಿಯುತ್ತಾ, "ಇಸ್ಪೀಟೇ ವಾಸಿ. ಅದಕ್ಕಾದ್ರೂ ರೂಲ್ಸು ಅಂತ ಇರತ್ತೆ" ಎಂದರು.

ಎಲ್ಲವೂ ಮೊದಲು

ಅಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಅಪ್ಪ ಬನಶಂಕರಿಯ ಒಂದು ಛತ್ರ ಗೊತ್ತುಮಾಡಿ ಬಂದರು. ನಮ್ಮ ಸಾಫ್ಟ್‌ವೇರನ್ನು ಮೊದಲು ಕೊಂಡವರು ಆ ಛತ್ರದವರೇ. "ನನ್ನ ಮಗಳು ಮಾಡಿರೋ ಕಂಪ್ಯೂಟರಲ್ಲೇ ಬುಕ್ ಮಾಡಿದೀನಿ" ಎಂದು ಬೀದಿಗೆಲ್ಲ ಸಾರಿದರು. ಆದರೆ ಒಂದೇ ತಾರೀಖನ್ನು ಇಬ್ಬರಿಗೆ ಕೊಟ್ಟರೂ ನಮ್ಮ ಸಾಫ್ಟ್‌ವೇರು ತುಟಿಪಿಟಕ್ಕೆನ್ನುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದನ್ನು ಸರಿಮಾಡಬೇಕೆಂದು ಚೀಟಿ ಬರೆದು ಗೋಡೆಯ ಮೇಲ್ತುದಿಗೆ ಅಂಟಿಸಿದೆ. ಮ್ಯಾನೇಜರು ಕಿತ್ತು ಕೆಳಗೆ ಅಂಟಿಸಿದರು. ಮೇಲೆ ಆಗಲೇ ಐದು ಚೀಟಿಗಳಿದ್ದವು, ಐದರ ಮೇಲೂ 'ಮೊದಲು' ಎಂದು ಬರೆದಿತ್ತು. ಅವುಗಳಲ್ಲೊಂದು ಹೂಮಳೆ. ಬುಕ್ ಮಾಡಿದ ಕೂಡಲೇ ಪರದೆಯ ಮೇಲೆ ಹೂವು ಉದುರಿ, ಹುಡುಗ ಹುಡುಗಿಯ ಹೆಸರು ಮೂಡಬೇಕಂತೆ.

"ನೋಡಮ್ಮಾ, ಒಂದೇ ಛತ್ರನ ಒಂದೇ ದಿನ ಇಬ್ಬರಿಗೆ ಯಾರಾದ್ರೂ ಕೊಡ್ತಾರಾ? ಮುಂದಿನ ಸ್ಪ್ರಿಂಟಲ್ಲಿ ನೋಡೋಣ."

ಸ್ಪ್ರಿಂಟ್ ಅಂದರೆ ಎರಡು ವಾರದ ಕಂತು. ಪ್ರತಿ ಕಂತಿಗೂ ನಾನು ಚೀಟಿಯನ್ನು ಮೇಲೇರಿಸುವುದು, ಅವರು ಇಳಿಸುವುದು. ಕೊನೆಗೆ ಬಾಯಿಬಿಟ್ಟು ಹೇಳಿದೆ: "ಸಾರ್, ನನ್ನ ಮದುವೇನೂ ಅಲ್ಲೇ ಇದೆ."

"ಹೌದಾ? ಹಾಗಾದ್ರೆ ನಿನ್ನ ಹೆಸರೂ ಹೂವಲ್ಲಿ ಬರತ್ತೆ ಬಿಡು!"

ಛತ್ರಕ್ಕೇ ಫೋನ್ ಮಾಡಿ ವಿಚಾರಿಸಿದೆ. "ನಿಮ್ಮ ಹೆಸರು ಬಂತು ಮೇಡಂ, ಹೂವು ಸಖತ್ತಾಗಿ ಉದುರ್ತಿದೆ" ಎಂದರು ಅಲ್ಲಿನವರು.

ನಾಲ್ಕು ಕುರ್ಚಿ

ಆರತಕ್ಷತೆಯ ಸಂಜೆ ನಮ್ಮ ವ್ಯಾನು ಛತ್ರದ ಮುಂದೆ ನಿಂತಾಗ, ಮುಂದಿನ ವ್ಯಾನಿನಿಂದ ಇನ್ನೊಬ್ಬಳು ಮದುಮಗಳು ಇಳಿಯುತ್ತಿದ್ದಳು. ಒಳಗೆ ಇಬ್ಬರು ಅಡುಗೆ ಭಟ್ಟರು ಒಂದೇ ಒಲೆಗೆ ಜಗಳಕ್ಕೆ ಬಿದ್ದಿದ್ದರು. ಛತ್ರದವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಹೂವು ಉದುರಿ ನಮ್ಮ ಹೆಸರು ಬಂತು. ಇನ್ನೊಂದು ಗುಂಡಿ ಒತ್ತಿದರು. ಹೂವು ಉದುರಿ ಅವರ ಹೆಸರು ಬಂತು.

ಅಪ್ಪ ಬೈಯಲಿಲ್ಲ. "ನೀನು ಮಾಡಿದ್ದೇ ಅಲ್ವೇನಮ್ಮಾ ಇದು?" ಎಂದರು, ಅಷ್ಟೇ. ನನಗೆ ಅಳು ಬಂದುಬಿಟ್ಟಿತು.

ಪುಣ್ಯಕ್ಕೆ ಮರುದಿನದ ಮುಹೂರ್ತಗಳು ಬೇರೆ ಬೇರೆ ಹೊತ್ತಿಗಿದ್ದವು. ಹಿರಿಯರು ಕೂತು ರಾಜಿ ಮಾಡಿಕೊಂಡರು. ವೇದಿಕೆಯ ಮೇಲೆ ನಾಲ್ಕು ಕುರ್ಚಿ ಹಾಕಿ, ಎರಡು ಜೋಡಿಯನ್ನೂ ಕೂರಿಸಿದರು. ಬಂದವರಲ್ಲಿ ಅರ್ಧ ಜನ ಯಾರ ಉಡುಗೊರೆಯನ್ನು ಯಾರಿಗೆ ಕೊಟ್ಟರೋ ದೇವರೇ ಬಲ್ಲ. ಸಾಲಿನಲ್ಲಿ ನಮ್ಮ ಮ್ಯಾನೇಜರೂ ಬಂದರು.

"ಇದೇನಮ್ಮಾ, ಒಂದೇ ಛತ್ರದಲ್ಲಿ ಎರಡು ಮದುವೆ?"

"ಮುಂದಿನ ಸ್ಪ್ರಿಂಟಲ್ಲಿ ನೋಡೋಣ ಸಾರ್" ಎಂದೆ. ಮದುವೆಯ ಫೋಟೋಗಳಲ್ಲಿ ನಾನು ನಗುತ್ತಿರುವುದು ಆಗ ತೆಗೆದ ಅದೊಂದರಲ್ಲೇ.

ರಜೆ ಮುಗಿಸಿ ಆಫೀಸಿಗೆ ಹೋದಾಗ ನನ್ನ ಚೀಟಿ ಗೋಡೆಯ ಮೇಲ್ತುದಿಗೆ ಏರಿತ್ತು. ಕಣ್ಣು ತುಂಬಿ ಬಂತು. ಅದರ ಪಕ್ಕದಲ್ಲೇ ಇನ್ನೊಂದು ಹೊಸ ಚೀಟಿ: 'ಒಂದೇ ದಿನ ಎರಡು ಮದುವೆ ಇದ್ದರೆ ನಾಲ್ಕೂ ಹೆಸರು ಹೂವಿನಲ್ಲಿ ಬರಬೇಕು.'

"ಸಾರ್, ಇವೆರಡರಲ್ಲಿ ಯಾವುದು ಮೊದಲು?" ಎಂದು ಕೇಳಿದೆ.

"ಎರಡೂ" ಎಂದರು.