ನನ್ನ ತೋಳಿನ ಮೇಲೆ ಬಿಡಾರ ಹೂಡಿರುವ ಸಕ್ಕರೆ ಪತ್ತೇದಾರರಿಗೆ

ನನ್ನ ಎಡತೋಳಿನ ಹಿಂಭಾಗದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ, ಗಾತ್ರದಲ್ಲಿ ನಾಣ್ಯದಷ್ಟೇ ಇದ್ದರೂ ಗಾಂಭೀರ್ಯದಲ್ಲಿ ನ್ಯಾಯಾಧೀಶರನ್ನು ಮೀರಿಸಿದ ಗ್ಲೂಕೋಸ್ ಸೆನ್ಸರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕೇಕ್ ಅಂಗಡಿಯ ಮಾಲೀಕನೂ, ಅದರ ಏಕೈಕ ಬಾಣಸಿಗನೂ, ತಮ್ಮ ಕೃಪೆಯಿಂದ ಈಗ ನಿವೃತ್ತ ರುಚಿ ಪರೀಕ್ಷಕನೂ ಆದ ನಾನು ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಡಯಾಬಿಟಿಸ್ ಬಂದ ಮೇಲೂ ನಾನು ಸುಖವಾಗಿಯೇ ಇದ್ದೆ. ಬೆರಳು ಚುಚ್ಚಿ ನೋಡುವ ಹಳೆಯ ಪದ್ಧತಿಯಲ್ಲಿ ಒಂದು ದಾಕ್ಷಿಣ್ಯವಿತ್ತು. ಖಾಲಿ ಹೊಟ್ಟೆಯಲ್ಲಿ ಚುಚ್ಚಿಕೊಂಡು, ಬಂದ ಅಂಕಿಯನ್ನು ಮನೆಮಂದಿಗೆಲ್ಲ ತೋರಿಸಿ, ಆಮೇಲೆ ಕೆನೆಯ ಬಟ್ಟಲಿಗೆ ಕೈ ಹಾಕಬಹುದಿತ್ತು. ಅಷ್ಟರಲ್ಲಿ, ಹಗಲಿರುಳೂ ಸಕ್ಕರೆ ಅಳೆದು ಫೋನಿಗೆ ವರದಿ ಒಪ್ಪಿಸಲು ತಾವು ದಯಮಾಡಿಸಿದಿರಿ. ಡಾಕ್ಟರು ತಮ್ಮನ್ನು ಸೆನ್ಸರ್ ಎಂದು ಪರಿಚಯಿಸಿದರು. ನನ್ನ ಹೆಂಡತಿಗೆ ಅದು ಸೆನ್ಸಾರ್ ಎಂದು ಕೇಳಿಸಿತು. ಕತ್ತರಿ ಹಾಕುವ ಕೆಲಸವೇ ಆದ್ದರಿಂದ ನಾನೂ ತಿದ್ದಲು ಹೋಗಿಲ್ಲ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊನ್ನೆ ಕೇವಲ ವೃತ್ತಿಧರ್ಮಕ್ಕಾಗಿ ಚಾಕಲೇಟ್ ಕೆನೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದೆ. ವೃತ್ತಿಧರ್ಮ ಸ್ವಲ್ಪ ಲಂಬಿಸಿ ಬಟ್ಟಲು ಖಾಲಿಯಾಯಿತು. ತಾವು ನನ್ನ ಫೋನಿಗೆ ಚಾಡಿ ಹೇಳಿದಿರಿ, ಸರಿ. ಪರವೂರಿನಲ್ಲಿರುವ ಮಗಳ ಫೋನಿಗೂ ಹೇಳಬೇಕಿತ್ತೇ? "ಅಪ್ಪಾ, ಬಾಯಲ್ಲಿರೋದನ್ನ ಮೊದಲು ಉಗುಳು!" ಎಂದು ಆಕೆ ಗಿರಾಕಿಗಳೆದುರೇ ಸ್ಪೀಕರಿನಲ್ಲಿ ಕೂಗಿದಳು. ಸುಳ್ಳು ಆಪಾದನೆ, ಮಾನ್ಯರೇ. ಅಷ್ಟು ಹೊತ್ತಿಗೆ ನುಂಗಿ ಆಗಿತ್ತು.

ಇನ್ನು ಭಾನುವಾರದ ಪ್ರಕರಣ. ಮದುವೆಯೊಂದಕ್ಕೆ ಮೂರಂತಸ್ತಿನ ಕೇಕನ್ನು ನಾನೂ ಹೆಂಡತಿಯೂ ಹಿಡಿದು ಮಹಡಿ ಹತ್ತುತ್ತಿದ್ದೆವು. ಗಡಿಬಿಡಿಯಲ್ಲಿ ಇನ್ಸುಲಿನ್ ತೆಗೆದುಕೊಂಡವನು ಊಟವನ್ನೇ ಮರೆತಿದ್ದೆ. ಅರ್ಧ ದಾರಿ ಹತ್ತುವಷ್ಟರಲ್ಲಿ ತಾವು ಕಿರುಚಿಕೊಂಡಿರಿ. ನನಗೆ ಮೈ ಉರಿದುಹೋಯಿತು. "ಇವತ್ತು ನಾನೇನೂ ತಿಂದಿಲ್ಲ, ಸುಮ್ನಿರು!" ಎಂದು ನನ್ನ ತೋಳಿಗೇ ಬೈಯತೊಡಗಿದೆ. ಹೆಂಡತಿ ನನ್ನ ಮುಖ ನೋಡಿದಳು. ಬೆವರು ಧಾರಾಕಾರವಾಗಿತ್ತು, ಕೈ ನಡುಗುತ್ತಿತ್ತು, ಅದರೊಡನೆ ಮೂರು ಅಂತಸ್ತೂ ನಡುಗುತ್ತಿದ್ದವು. ಕೇಕನ್ನು ಮೆಟ್ಟಿಲ ಮೇಲಿಳಿಸಿ, ನನ್ನ ಜೇಬಿನಿಂದ ಫೋನು ಎಳೆದು ನೋಡಿದವಳೇ "ಸಕ್ಕರೆ ಏರಿಲ್ಲ ಕಣ್ರೀ, ಇಳಿದುಹೋಗಿದೆ! ಕೂತ್ಕೊಳ್ಳಿ!" ಎಂದು, ನಾನು ಹಿಂದಿನ ಸಂಜೆಯೆಲ್ಲ ಕೂತು ಅರಳಿಸಿದ್ದ ಸಕ್ಕರೆ ಗುಲಾಬಿಗಳನ್ನು ಒಂದೊಂದಾಗಿ ಕಿತ್ತು ನನ್ನ ಬಾಯಿಗೆ ತುರುಕಿದಳು. ಅಷ್ಟರಲ್ಲಿ ಮಗಳ ಕರೆಯೂ ಬಂತು. "ತಿನ್ನಪ್ಪಾ, ಇನ್ನೂ ತಿನ್ನು" ಎಂದು ಆಕೆ ಅಳುತ್ತಿದ್ದಳು. ಅಂಥ ಮಧುರವಾದ ಮಾತನ್ನು ಆ ಬಾಯಿಂದ ನಾನು ಇನ್ನೆಂದೂ ಕೇಳಲಾರೆ.

ಗಲಾಟೆ ಕೇಳಿ ಮಹಡಿಯಿಂದ ಇಳಿದು ಬಂದ ಮದುಮಗಳು ಬೋಳಾದ ಕೇಕನ್ನೂ ಗುಲಾಬಿ ಬಣ್ಣದ ನನ್ನ ಮೀಸೆಯನ್ನೂ ನೋಡಿ, "ಚೆನ್ನಾಗಿದ್ಯಾ, ಅಂಕಲ್?" ಎಂದು ಕೇಳಿದಳು. "ಸಿಹಿ ಸ್ವಲ್ಪ ಮುಂದಾಗಿದೆಯಮ್ಮ" ಎಂದೆ. ಅವಳು ಮೆಟ್ಟಿಲ ಮೇಲೆಯೇ ಕುಸಿದು ಕೂತು, ನಕ್ಕೂ ನಕ್ಕೂ ಉಳಿದಿದ್ದ ಒಂದೇ ಗುಲಾಬಿಯನ್ನು ತಾನೇ ತಿಂದಳು.

ತಾವು ಬಾಯಿ ಮುಚ್ಚಿಕೊಂಡಿದ್ದರೆ ಈ ದೂರು ಬರೆಯಲು ನಾನೇ ಇರುತ್ತಿರಲಿಲ್ಲವೆಂದು ಡಾಕ್ಟರು ಹೇಳುತ್ತಾರೆ. ಹೀಗೆ ನನ್ನನ್ನು ಋಣದಲ್ಲಿ ಕೆಡವಿದ್ದೇ ತಮ್ಮ ಮೇಲಿನ ದೊಡ್ಡ ದೂರು. ಆದಕಾರಣ, ಇನ್ನು ಮುಂದೆ ಸಕ್ಕರೆ ಏರಿದಾಗ ಕಿರುಚದೆ ಮೆಲ್ಲಗೆ ಕೆಮ್ಮಬೇಕೆಂದೂ, ಮಗಳಿಗೆ ಅಂಕಿಯ ಬದಲು ಹವಾಮಾನ ವರದಿ ಕಳಿಸಬೇಕೆಂದೂ, ವಾರಕ್ಕೊಮ್ಮೆಯಾದರೂ ಸುಮ್ಮಸುಮ್ಮನೆ "ಇಳಿದಿದೆ" ಎಂದು ಕೂಗಿ ಪುಣ್ಯ ಕಟ್ಟಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮನ್ನು ಸಹಿಸಲೂ ಆಗದ, ಬಿಟ್ಟಿರಲೂ ಆಗದ
ತಮ್ಮ ವಿಶ್ವಾಸಿ,
ಕೇಕಿನವನು

ತಾ.ಕ.: ತಮ್ಮ ಸೇವಾವಧಿ ನಾಳೆ ಮುಗಿಯುತ್ತದೆಂದು ಫೋನು ತಿಳಿಸಿದೆ. ತಮ್ಮ ಜಾಗಕ್ಕೆ ಬರುವ ಹೊಸಬರಿಗೆ ಮೊದಲ ಒಂದು ಗಂಟೆ ಏನೂ ಕಾಣಿಸುವುದಿಲ್ಲವಂತೆ. ಇದನ್ನು ದಯವಿಟ್ಟು ನನ್ನ ಮಗಳಿಗೆ ಹೇಳಬೇಡಿ.