ತಮ್ಮನ ಕಾನೂನಿನಲ್ಲಿ ಕಟ್ಟಿಕೊಟ್ಟ ಮಿರ್ಚಿ

ಇಡೀ ಸಿಂಧನೂರು ತಾಲ್ಲೂಕಿನಲ್ಲಿ ನನ್ನ ತಮ್ಮನಷ್ಟು ಕಾನೂನು ಬಲ್ಲವರು ಇನ್ನೊಬ್ಬರಿಲ್ಲ. ತೊಂದರೆ ಇಷ್ಟೇ, ಅವುಗಳಲ್ಲಿ ಒಂದೂ ಈ ಭೂಮಿಯದಲ್ಲ! ಹೆಲ್ಮೆಟ್ ಹಾಕು ಎಂದರೆ ಗಾಡಿಯ ಕನ್ನಡಿಗೆ ನೇತುಹಾಕುವ ಈ ಮಹಾರಾಯ, ಬೆಂಕಿ ಉಗುಳುವ ರೆಕ್ಕೆಹಾವು ಒಂದು ಸರದಿಗೆ ಎಷ್ಟು ಸಲ ಉಗುಳಬಹುದು ಎಂದು ಎರಡು ತಾಸು ವಾದ ಮಾಡುತ್ತಾನೆ.

ಇದೊಂದು ಆಟವಂತೆ. ಚೆಂಡಿಲ್ಲ, ಇಸ್ಪೀಟಿಲ್ಲ, ಗೆಲ್ಲುವವರೂ ಇಲ್ಲ! ನಾಲ್ಕು ಜನ ಮೇಜಿನ ಸುತ್ತ ಕೂತು ನಾನು ಮಾಂತ್ರಿಕ, ನಾನು ಕಳ್ಳ ಎಂದುಕೊಳ್ಳಬೇಕು. ನನ್ನ ತಮ್ಮ ಕಥೆ ನಡೆಸುವವ. ಅವರು ಮಾಡಹೊರಟಿದ್ದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಮತ್ತು ಇಟ್ಟಿಗೆಯಂಥ ಮೂರು ಇಂಗ್ಲಿಷ್ ಪುಸ್ತಕ ತೀರ್ಮಾನಿಸುತ್ತವೆ. ವಾರವೆಲ್ಲ ರೈಸ್ ಮಿಲ್ಲಿನಲ್ಲಿ ಭತ್ತ ತೂಗುವವನಿಗೆ ಭಾನುವಾರ ಬಂದರೆ ಈ ದೊಡ್ಡಸ್ತಿಕೆ!

ಲಿಂಗಸುಗೂರಿಗೆ ಇವನಿಗೊಂದು ಕನ್ಯೆ ನೋಡಲು ಹೋದೆವು. ಹುಡುಗಿಯ ಅಪ್ಪ, "ಹೊಲ ಎಷ್ಟೈತಿ ತಮ್ಮಾ?" ಎಂದರು.

"ಹೊಲ ಇಲ್ರಿ. ಒಂದು ರಾಜ್ಯ ಐತಿ. ನಕ್ಷೆ ಇನ್ನಾ ಮುಗಿದಿಲ್ಲ."

ಅವರು ಗಂಭೀರವಾಗಿ, "ಸರ್ವೆದವ್ರು ಹಂಗರಿ, ಜಲ್ದಿ ಬರೂದಿಲ್ಲ," ಎಂದರು. ಸಂಬಂಧ ಕುದುರಲಿಲ್ಲ, ಬಿಡಿ.

ಇನ್ನೊಮ್ಮೆ ಆಟೋ ಓಡಿಸುವ ಗೆಳೆಯ ಆಟದಲ್ಲಿ ಬಾವಿಗೆ ಬಿದ್ದು ಸತ್ತ. ಮುನಿಸಿಕೊಂಡು ಒಂದು ವಾರ ನಮ್ಮ ಓಣಿಗೆ ಆಟೋ ತರಲಿಲ್ಲ. ನನ್ನ ಮಿರ್ಚಿ ಬಂಡಿಯ ಹಿಟ್ಟು, ಎಣ್ಣೆ ಡಬ್ಬಿಯನ್ನು ಪೇಟೆಯಿಂದ ನಾನೇ ತಲೆಯ ಮೇಲೆ ಹೊತ್ತೆ! "ಅವನ್ನ ಬದುಕ್ಸೋ ಮಾರಾಯ!" ಎಂದು ಕೈ ಮುಗಿದರೆ, "ಕಾನೂನಿನ್ಯಾಗ ಇಲ್ಲಕ್ಕಾ," ಎಂದ. ಇಂಥವನ ಮೇಲೆ ಸಿಟ್ಟು ಬರದೆ ಇರುತ್ತದೆಯೇ?

ಇಷ್ಟು ಸಾಲದೆಂದು, ಎರಡು ವರ್ಷದಿಂದ ಆ ಮೂರೂ ಪುಸ್ತಕಗಳನ್ನು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದ. ಮಕ್ಕಳ ಪಾಟಿಯ ಮೇಲಿನಂಥ ದಪ್ಪ ದಪ್ಪ ಅಕ್ಷರ. ಯಾರು ಓದಬೇಕಿತ್ತು ಅದನ್ನು?

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಮಿರ್ಚಿ ಬಂಡಿ. ಮದುವೆ ದಿನಗಳ ಒಂದು ಭಾನುವಾರ ಗಿರಾಕಿ ಮುಗಿಬಿದ್ದರು. ಹಿಂದೆಯೇ ನಮ್ಮ ಮನೆ. ಓಡಿಹೋಗಿ ತಮ್ಮನನ್ನು ಕರೆದೆ.

"ಒಂದು ತಾಸು ಬಂದು ನಿಂದ್ರೋ, ಕೈ ಸಾಲವಲ್ದು."

"ಆಗೂದಿಲ್ಲಕ್ಕಾ, ಕೋಟೆ ಬಾಗಿಲದಾಗ ರಾಕ್ಷಸಿ ನಿಂತಾಳ."

"ನನ್ನ ಬಂಡಿ ಮುಂದ ಮೂವತ್ತು ಮಂದಿ ನಿಂತಾರಲೋ!"

ತಲೆ ಎತ್ತಲಿಲ್ಲ. ಕಪಾಟಿನಲ್ಲಿದ್ದ ಅವನ ಹಾಳೆಗಳಿಂದ ಒಂದು ಹಿಡಿ ಎಳೆದುಕೊಂಡು ಬಂದು, ಹರಿದು ಹರಿದು ಮಿರ್ಚಿ ಕಟ್ಟಿಕೊಟ್ಟೆ. ಬಂಡಿಯ ಕೆಳಗೆ ಹಳೇ ಪೇಪರಿನ ಕಟ್ಟು ಇತ್ತು. ಇದ್ದದ್ದು ನನಗೆ ಗೊತ್ತಿತ್ತು.

ಮರುದಿನ ಹುಡುಕಾಡಿದ. "ಇಲಿ ಕಡದಾವೇನೋ," ಎಂದೆ. ನಂಬಿದ. ನಂಬಿದ್ದಲ್ಲದೆ, ನಿನ್ನೆ ಬರಲಿಲ್ಲವೆಂದು ಸಂಜೆ ತಾನೇ ಬಂಡಿಗೆ ಬಂದು ಈರುಳ್ಳಿ ಹೆಚ್ಚತೊಡಗಿದ. ಆಗಲೇ ಮಸ್ಕಿಯ ಗಿರಾಕಿಯೊಬ್ಬ ಎಣ್ಣೆ ಕುಡಿದ ಹಾಳೆ ಹಿಡಿದು ಬರಬೇಕೆ!

"ಅಕ್ಕಾರ, ಇದರ ಮುಂದಿನ ಹಾಳಿ ಐತೇನ್ರಿ? ಮೂರು ತಲಿ ರಾಕ್ಷಸಿದು ನಡುವಿನ ತಲಿ ಅಷ್ಟ ಸುಳ್ಳು ಹೇಳ್ತೈತಿ ಅಂತ ಐತಿ. ಅಕಿನ್ನ ಸೋಲ್ಸೂದು ಹೆಂಗ? ನಿನ್ನೆ ಮಸ್ಕಿ ತನಕ ಬಸ್ಸಿನ್ಯಾಗ ಅದ ಚಿಂತಿ ನನಗ!"

ತಮ್ಮ ಹಾಳೆ ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಮಗ ಇಂಗ್ಲಿಷ್ ಪುಸ್ತಕನ ಸಾಕಿತ್ತಕ್ಕಾ," ಎಂದ. "ಇದು ನೀ ಓದ್ಲಿ ಅಂತ ಬರದಿದ್ದೆ. ನೀನೂ ಆಟಕ್ಕ ಕುಂದರ್ತಿ ಅಂತ."

ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದ್ದು ಇವನನ್ನು ಎತ್ತಿಕೊಳ್ಳಲು. ಅದು ಅವನಿಗೆ ನೆನಪಿರುವುದು ಸಾಧ್ಯವಿಲ್ಲ. ಯಾರೋ ಹೇಳಿದ್ದಾರೆ.

ಮುಂದಿನ ಭಾನುವಾರ ಬಂಡಿ ಮುಚ್ಚಿ ಮೇಜಿನ ಹತ್ತಿರ ಕೂತೆ. ತಮ್ಮ ಶುರು ಮಾಡಿದ. "ಅಕ್ಕಾ, ನೀ ಒಂದು ಊರ ಹೊರಗ ನಿಂತೀದಿ. ಮುಂದ ಮೂರು ದಾರಿ ಅದಾವ. ಏನ್ ಮಾಡ್ತಿ?"

ಶಾಲೆ ಬಿಟ್ಟಾಗ, ಮದುವೆ ಆದಾಗ, ತವರಿಗೆ ತಿರುಗಿ ಬಂದಾಗ, ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

"ಜಲ್ದಿ ಹೇಳ್ರಿ ಅಕ್ಕಾರ," ಎಂದ ಆಟೋದವ. "ಹತ್ತು ಎಣಿಸೂದ್ರಾಗ ಹೇಳದಿದ್ರ ಸರದಿ ಹೋಗ್ತೈತಿ. ಕಾನೂನು!"

ನನ್ನ ತಮ್ಮ ಪುಸ್ತಕ ಮುಚ್ಚಿದ.

"ಸುಮ್ಮನಿರಲೇ. ಅಕ್ಕ ವಿಚಾರ ಮಾಡಾಕತ್ತಾಳ."