ಕೊಕ್ಕರೆಮರಿ ಮತ್ತು ಕೊನೆಯ ಬಸ್ಸು

ಸಂಗಮೇಶ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೋದ ವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗುರುಮಲ್ಲಪ್ಪ ಗೇಟಿಗೆ ಒರಗಿ, "ಚಿಕ್ಕೋರಿದ್ದಾಗ ನಿಮಗೆ ಭಾಳ ಹಿಡಿಸಿದ ಸಿನಿಮಾ ಯಾವ್ದ್ರೀ?" ಎಂದು ಕೇಳಿದಾಗ, ಹಿಂದೆಮುಂದೆ ನೋಡದೆ "ಆ ಕೊಕ್ಕರೆಮರಿ ಕಾರ್ಟೂನು" ಎಂದುಬಿಟ್ಟಿದ್ದ. ಈ ಭಾನುವಾರ ಬೆಳಿಗ್ಗೆ ಅವನಿನ್ನೂ ಹಲ್ಲುಜ್ಜುತ್ತಿರುವಾಗಲೇ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಒಂದು ಪೆನ್‌ಡ್ರೈವ್ ಎತ್ತಿ ತೋರಿಸಿದರು.

"ಸಿಕ್ತು ಕಣ್ರೀ! ಸಾಗರದಾಗೆ ನನ್ನ ಶಿಷ್ಯನ ಹತ್ರ ಹಳೇ ಕ್ಯಾಸೆಟ್ ಇತ್ತಂತೆ. ಇದಕ್ಕೆ ಹಾಕಿ ಕಳ್ಸ್ಯಾನೆ. ಪ್ರೊಜೆಕ್ಟರೂ ತಂದೀನಿ. ಸಂಜೆ ಆರಕ್ಕೆ ನಮ್ಮ ಶೆಡ್ಡಿನಾಗೆ ಆಟ, ಬೀದಿಯೋರಿಗೆಲ್ಲ ಮೆಸೇಜ್ ಹಾಕಾಯ್ತು. ನಾಳೆ ಹಾಸ್ಟೆಲ್‌ಗೆ ಹೊರಟಿರೋ ನಿಮ್ಮ ಚೈತ್ರಶ್ರೀಗೆ ನಮ್ಮೆಲ್ಲರ ಉಡುಗೊರೆ!"

ಸಂಗಮೇಶನ ಕಣ್ಣು ತುಂಬಿ ಬಂತು. ಮಗಳು ಚೈತ್ರಶ್ರೀ ಸೊರಬದ ಕಡೆಯ ಒಂದು ವಸತಿ ಶಾಲೆಗೆ ಆರನೇ ತರಗತಿಗೆ ಆಯ್ಕೆಯಾಗಿದ್ದಳು. ಸುದ್ದಿ ಬಂದ ದಿನದಿಂದ "ನಾ ಹೋಗಲ್ಲ" ಎಂದು ಮೂಲೆ ಹಿಡಿದು ಕೂತವಳನ್ನು ಒಪ್ಪಿಸಿದ್ದು ಇದೇ ಕೊಕ್ಕರೆಮರಿ. ಸಂಗಮೇಶ ಅವಳನ್ನು ಗುಡವಿಯ ಕೆರೆಗೆ ಕರೆದುಕೊಂಡು ಹೋಗಿ, ಮರದ ತುಂಬ ಕೂತ ಹಕ್ಕಿಗಳನ್ನು ತೋರಿಸುತ್ತ ಆ ಸಿನಿಮಾದ ಕತೆ ಹೇಳಿದ್ದ. ರೆಕ್ಕೆ ನೊಂದ ಒಂದು ಮರಿ ಹಿಂಡಿನಿಂದ ಹಿಂದೆ ಬೀಳುತ್ತದೆ, ಒಂಟಿಯಾಗಿ ಎಷ್ಟೋ ಊರು ದಾಟುತ್ತದೆ, ಬಿರುಗಾಳಿಗೆ ಸಿಕ್ಕುತ್ತದೆ, ಕೊನೆಗೆ ತಾಯಿಯನ್ನು ಸೇರುತ್ತದೆ. "ಅಷ್ಟು ಚಿಕ್ಕ ಮರೀನೇ ಹೋಗಿ ಬಂತು. ನಿಂಗೇನವ್ವ ಕಷ್ಟ?" ಎಂದಿದ್ದ. ಹುಡುಗಿ ಬಹಳ ಹೊತ್ತು ಯೋಚಿಸಿ ಹೂಂ ಅಂದಿದ್ದಳು.

ಮೊಮ್ಮಗಳನ್ನು ಕಳಿಸಿಕೊಡಲು ಹುಟ್ಟೂರು ಬಂದಳಿಕೆಯಿಂದ ಸಂಗಮೇಶನ ತಾಯಿ ನೀಲಾಂಬಿಕಮ್ಮ, ಸೋದರಮಾವ ಹುಚ್ಚರಾಯಪ್ಪ, ಜೊತೆಗೆ ಇನ್ನೂ ಐದಾರು ಜನ ಹಿಂದಿನ ದಿನವೇ ಶಿಕಾರಿಪುರದ ಅವನ ಮನೆಗೆ ಬಂದಿಳಿದಿದ್ದರು. ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದುಕೊಂಡೇ ಹುಚ್ಚರಾಯಪ್ಪ ಸುದ್ದಿ ಕೇಳಿಸಿಕೊಂಡ.

"ಕೊಕ್ಕರೆ ಸಿನಿಮಾನಾ? ಪಾಪ, ಕೊನೀಗೆ ಆ ಮರಿ ಸಾಯ್ತದಲ್ಲೋ!"

ಸಂಗಮೇಶನ ಗಂಟಲಲ್ಲಿ ಮಂಡಕ್ಕಿ ಸಿಕ್ಕಿಕೊಂಡಿತು. ಪುಣ್ಯಕ್ಕೆ ಮಗಳು ಹಿತ್ತಲಲ್ಲಿದ್ದಳು.

"ಏನ್ ಮಾವ ಹಂಗಂತೀರಿ? ತಾಯಿ ಹತ್ರ ಸೇರ್ತದಲ್ಲ! ಅವ್ವಾ, ನೀನೇ ಹೇಳಿದ್ದಿ!"

"ನಾನೆಲ್ಲಿ ನೋಡಿದ್ನೋ?" ಎಂದರು ನೀಲಾಂಬಿಕಮ್ಮ, ಏನೂ ಆಗದವರಂತೆ. "ಕೊನೇ ಬಸ್ಸಿಗೆ ಎದ್ದು ಬಂದ್ವಿ. ನೀನು ಬಸ್ಸಿನಾಗೆ ಒಂದೇ ಸಮ ಅಳಾಕ್ ಹತ್ತಿದಿ. ಬಾಯಿ ಮುಚ್ಸಾಕೆ ಏನೋ ಒಂದು ಹೇಳ್ದೆ."

ಬಂದಳಿಕೆಯವರು ಆ ಕಾಲದಲ್ಲಿ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಶಿಕಾರಿಪುರದ ಟೆಂಟಿನಲ್ಲಿ ಮೊದಲ ಆಟ ಬಿಡುವುದು ಒಂಬತ್ತಕ್ಕೆ, ಊರಿನ ಕೊನೆಯ ಬಸ್ಸು ಹೊರಡುವುದು ಎಂಟೂವರೆಗೆ. ಕಂಡಕ್ಟರ್ ಟೆಂಟಿನ ಬಾಗಿಲಿಗೆ ಬಂದು "ಬಂದಳಿಕೆ! ಬಂದಳಿಕೆ!" ಎಂದು ಕೂಗಿದರೆ ಸಾಕು, ತೆರೆಯ ಮೇಲೆ ನಾಯಕ ನೇಣಿನ ಕೆಳಗೆ ನಿಂತಿರಲಿ, ನಾಯಕಿಗೆ ತಾಳಿ ಕಟ್ಟುತ್ತಿರಲಿ, ಇಡೀ ಊರು ಚೀಲ, ಚಪ್ಪಲಿ, ಮಕ್ಕಳನ್ನು ಬಾಚಿಕೊಂಡು ಓಡುತ್ತಿತ್ತು. ಉಳಿದ ಕತೆ ಏನಾಗಬೇಕು ಎಂಬುದನ್ನು ಬಸ್ಸಿನಲ್ಲೇ ಕೂತು ತೀರ್ಮಾನಿಸುತ್ತಿದ್ದರು.

"ಒಂದು ಸಿನಿಮಾನೂ ಪೂರ್ತಿ ನೋಡದಿರೋ ಊರಿಗೆ ಸೊಸೆಯಾಗಿ ಬಂದೆನಲ್ಲಪ್ಪ" ಎಂದು ಸಂಗಮೇಶನ ಹೆಂಡತಿ ಅಶ್ವಿನಿ ನಕ್ಕಳು. ಅವಳು ಸೊರಬ ಪೇಟೆಯವಳು, ಟಾಕೀಸಿನ ಹಿಂದಿನ ಮನೆಯಲ್ಲೇ ಬೆಳೆದವಳು.

ಸಂಗಮೇಶನಿಗೆ ನಗು ಬರಲಿಲ್ಲ. ಮರಿ ಸತ್ತರೆ ನಾಳೆ ಮಗಳು ಬಸ್ಸು ಹತ್ತುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪ ಸುಳ್ಳು ಹೇಳಿ ನನ್ನನ್ನು ಸಾಗಹಾಕಿದ ಎಂದು ಜೀವನಪೂರ್ತಿ ಅಂದುಕೊಳ್ಳುತ್ತಾಳೆ. ಆಟ ನಡೆಯಬಾರದು ಎಂದು ಅವನು ನಿಶ್ಚಯಿಸಿದ.

ಮೊದಲು ಮೇಷ್ಟ್ರ ಬಳಿ ಹೋಗಿ, "ಸೌಂಡ್ ಸರಿ ಐತೇನೋ ನೋಡ್ತೀನಿ, ಪೆನ್‌ಡ್ರೈವ್ ಕೊಡ್ರಿ" ಎಂದ. "ಅದನ್ನ ಮಧ್ಯಾಹ್ನ ನಾ ನೋಡ್ಕೋತೀನಿ. ನೀವು ಆರಾಮಾಗಿರ್ರಿ" ಎಂದು ಅವರು ಜೇಬು ತಟ್ಟಿಕೊಂಡರು. ಪರದೆಗೆಂದು ಒಣಹಾಕಿದ್ದ ಬಿಳಿ ಹೊದಿಕೆಯನ್ನು ಮಡಚಿ ಮಂಚದ ಕೆಳಗೆ ತಳ್ಳಿದ. ಅದು ಕಾಣದಿದ್ದದ್ದೇ ತಡ, ಎದುರುಮನೆ ದ್ಯಾಮಮ್ಮ "ಅದಕ್ಕೇನಂತೆ, ನಮ್ಮೋನ ಮದುವೆ ಪಂಚೆ ಐತೆ" ಎಂದು ಇನ್ನೂ ದೊಡ್ಡದನ್ನೇ ತಂದು ಕಟ್ಟಿದರು. ಉದ್ದದ ವೈರನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ. ಮೂರು ಮನೆಗಳಿಂದ ಮೂರು ವೈರು ಬಂದವು. ಕೊನೆಗೆ ಜ್ವರ ಎಂದು ಮುಸುಕು ಹಾಕಿ ಮಲಗಿದ. ದ್ಯಾಮಮ್ಮ ಪಾತ್ರೆ ತುಂಬ ಕಷಾಯ ತಂದು ಮೂಗು ಹಿಡಿದು ಕುಡಿಸಿದರು, ಮೇಷ್ಟ್ರು ನಾಲ್ಕು ಜನರನ್ನು ಕರೆದು ಮಂಚವನ್ನು ಅವನ, ಕಷಾಯದ ಪಾತ್ರೆಯ ಸಮೇತ ಎತ್ತಿಸಿ ಶೆಡ್ಡಿನಲ್ಲಿ ಇಳಿಸಿದರು. "ನಿಮ್ಮ ಸಿನಿಮಾ, ನೀವಿಲ್ದೆ ಹೆಂಗ್ರೀ?"

ಆರಕ್ಕೆ ಆಟ ಶುರುವಾಯಿತು. ಬೀದಿಯವರು ನಲವತ್ತು ಜನ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಬಂದಳಿಕೆಯವರು. ಮಂಚದ ತುದಿಯಲ್ಲಿ ಚೈತ್ರಶ್ರೀ.

ಮಸುಕು ಬಣ್ಣದ ಆ ಕೊಕ್ಕರೆಮರಿ ಪಂಚೆಯ ಮೇಲೆ ಮೊದಲ ಹೆಜ್ಜೆ ಇಟ್ಟು ಮುಗ್ಗರಿಸಿದ ಕೂಡಲೇ ಸಂಗಮೇಶ ತನ್ನ ಜ್ವರ ಮರೆತ. ಅವನು ಮತ್ತೆ ಎಂಟು ವರ್ಷದವನಾಗಿದ್ದ. ಮರಿ ಕಪ್ಪೆಗೆ ಹೆದರಿ ಓಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೆ ಆಕಾಶ ಕಪ್ಪಾಯಿತು, ಬಿರುಗಾಳಿ ಎದ್ದಿತು. ಮರಿ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಕೆರೆಯ ಕಡೆಗೆ ಬೀಳತೊಡಗಿತು. ಅವನು ಕಂಡದ್ದು ಇಲ್ಲಿಯವರೆಗೆ ಮಾತ್ರ. ಮಗಳ ಕಡೆ ನೋಡಿದ. ಅವಳು ರೆಪ್ಪೆ ಮಿಟುಕಿಸದೆ ಕೂತಿದ್ದಳು. ಸಂಗಮೇಶ ಮಂಚದ ಮೇಲೆ ಎದ್ದು ನಿಂತು ಶೆಡ್ಡಿನ ತಗಡು ನಡುಗುವಂತೆ ಕೂಗಿದ:

"ಬಂದಳಿಕೆ! ಬಂದಳಿಕೆ! ಕೊನೇ ಬಸ್ಸು!"

ಮುಂದಿನ ಸಾಲು ಒಂದೇ ಏಟಿಗೆ ಎದ್ದಿತು. ಆ ದಿನ ತಾವು ಎಲ್ಲಿಗೂ ಹೋಗಬೇಕಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ. ನೀಲಾಂಬಿಕಮ್ಮ ಯಾರದೋ ಮಗುವನ್ನು ಎತ್ತಿಕೊಂಡು ಓಡಿದರು. ಹುಚ್ಚರಾಯಪ್ಪನ ಕಾಲು ವೈರಿಗೆ ಸಿಕ್ಕಿತು, ಪ್ರೊಜೆಕ್ಟರ್ ಕಷಾಯದ ಪಾತ್ರೆಗೆ ಬಿತ್ತು, ಸಿಡಿದು ಬಿದ್ದ ಪೆನ್‌ಡ್ರೈವಿನ ಮೇಲೆ ಬಂದಳಿಕೆಯ ಏಳು ಜೊತೆ ಚಪ್ಪಲಿ ಹಾದುಹೋದವು. ಗೇಟಿನ ಹೊರಗೆ ಹೋಗಿ ಬಸ್ಸು ಕಾಣದೆ ಎಲ್ಲರೂ ಪೆಚ್ಚಾಗಿ ವಾಪಸು ಬಂದಾಗ ಮೇಷ್ಟ್ರು ದೀಪ ಹಾಕಿದರು.

ಸಂಗಮೇಶ ಅಳುಮುಖ ಮಾಡಿಕೊಂಡು ಎಲ್ಲವನ್ನೂ ಒಪ್ಪಿಕೊಂಡ. "ಮಾವ ಮರಿ ಸಾಯ್ತದೆ ಅಂದ್ರು. ಅದಕ್ಕೇ..."

"ನಾನೂ ಅದೇ ಬಸ್ಸಿನಾಗೇ ಇದ್ನಲ್ಲೋ!" ಎಂದ ಹುಚ್ಚರಾಯಪ್ಪ. "ನಾನೆಲ್ಲಿ ನೋಡೀನಿ? ಹಿಂದಿನ ಸೀಟಿನೋರೆಲ್ಲ ಸೇರಿ, ಸಾಯಿಸೋದೇ ಚಲೋ ಅಂತ ತೀರ್ಮಾನ ಮಾಡಿದ್ವಿ."

"ಮೇಷ್ಟ್ರೇ, ಮಧ್ಯಾಹ್ನ ನೀವು ನೋಡಿದ್ರಲ್ಲ?" ಎಂದ ಸಂಗಮೇಶ.

"ಹಾಕ್ಕೊಂಡು ಕೂತಿದ್ದು ಹೌದ್ರಿ. ಊಟ ಆಗಿತ್ತು, ಅರ್ಧಕ್ಕೇ ನಿದ್ದೆ ಹತ್ತಿತು."

"ನಾ ಪೂರ್ತಿ ನೋಡಿದೆ," ಎಂದಳು ಚೈತ್ರಶ್ರೀ. "ಸೌಂಡ್ ನೋಡ್ ಬಾ ಅಂತ ಅಜ್ಜಾರು ನನ್ನನ್ನೂ ಕರ್ದಿದ್ರು."

ಎಲ್ಲರೂ ಅವಳ ಸುತ್ತ ಮುತ್ತಿದರು. "ಕೊನೀಗೆ ಏನಾಯ್ತವ್ವಾ?" ಎಂದು ದ್ಯಾಮಮ್ಮನೇ ಕೇಳಿದರು.

ಹುಡುಗಿ ಅಪ್ಪನ ಮುಖ ನೋಡಿದಳು. "ಈಗ ಹೇಳಲ್ಲ. ನಾಳೆ ಹಾಸ್ಟೆಲ್ ಗೇಟಿನ ಹತ್ರ ಅಪ್ಪಂಗೆ ಒಬ್ಬರಿಗೇ ಹೇಳ್ತೀನಿ. ಇಲ್ದಿದ್ರೆ ಅಪ್ಪ ದಾರೀಲೇ ಅತ್ತು ನನ್ನ ವಾಪಸ್ ಕರ್ಕೊಂಡು ಬರ್ತಾರೆ."

ಯಾರಾದರೂ ಅಲ್ಲಗಳೆಯುತ್ತಾರೇನೋ ಎಂದು ಸಂಗಮೇಶ ಸುತ್ತ ನೋಡಿದ. ಅಶ್ವಿನಿ ಕೂಡ ಹೌದೆಂದು ತಲೆಯಾಡಿಸುತ್ತಿದ್ದಳು.

ಮರುದಿನ ಮಗಳು ಅಳಲಿಲ್ಲ. ಟ್ರಂಕು ಹೊತ್ತು ಹಿಂದೆ ನಡೆದ ಸಂಗಮೇಶ ಎರಡು ಸಲ ಕಣ್ಣೊರೆಸಿಕೊಂಡ. ಅಶ್ವಿನಿಯಲ್ಲದೆ, ಬರುತ್ತೇನೆಂದು ಹಟ ಹಿಡಿದು ಹುಚ್ಚರಾಯಪ್ಪನೂ ಜೊತೆಗೆ ಬಂದಿದ್ದ. ಹದಿನೈದು ದಿನ ಭೇಟಿಯೂ ಇಲ್ಲ, ಫೋನೂ ಇಲ್ಲ ಎಂದು ವಾರ್ಡನ್ ಹೇಳಿದರು. ದಾಖಲಾತಿ, ಹಾಸಿಗೆ, ಬಕೆಟ್ಟು ಎಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಗೇಟಿನ ಬಳಿ ಚೈತ್ರಶ್ರೀ ಅಪ್ಪನನ್ನು ಬಗ್ಗಿಸಿ ಕಿವಿಗೆ ಬಾಯಿಟ್ಟಳು.

"ಅಪ್ಪಾ, ಮರಿ ಕೆರೆಗೆ ಬೀಳ್ತದಲ್ಲ, ಬಿದ್ದ ಮೇಲೆ..."

ರಸ್ತೆಯಲ್ಲಿ ಹಾರನ್ ಕೇಳಿಸಿತು. "ಶಿಕಾರಿಪುರ! ಶಿಕಾರಿಪುರ! ಕೊನೇ ಬಸ್ಸು!"

ಸಂಗಮೇಶನ ಕಾಲು ಅವನನ್ನು ಕೇಳಲಿಲ್ಲ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೆಂಡತಿಯನ್ನು ಹಿಡಿದು ಓಡಿ, ಫುಟ್‌ಬೋರ್ಡು ಹತ್ತಿದ ಮೇಲೆಯೇ ಅವನಿಗೆ ತಾನೇನು ಮಾಡಿದೆ ಎಂಬುದು ತಿಳಿದದ್ದು. ಕಿಟಕಿಯಿಂದ ಇಣುಕಿದ. ಮಗಳು ಗೇಟಿನಲ್ಲಿ ನಿಂತು ಏನೋ ಕೂಗಿ ಹೇಳುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ಅವಳು ನಗುತ್ತ ಎರಡೂ ಕೈ ಅಗಲಿಸಿ ರೆಕ್ಕೆಯಂತೆ ಬಡಿದು, ತಿರುಗಿ ಒಳಗೆ ಓಡಿಹೋದಳು. ಸಂಗಮೇಶ ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟ.

ಹುಚ್ಚರಾಯಪ್ಪ ಹಿಂದಿನ ಸೀಟಿನಿಂದ ಭುಜ ಅಲುಗಿಸಿದ.

"ಏನಂದ್ಲೋ? ಮರಿ ಬದುಕ್ತೋ, ಸತ್ತಿತೋ?"

"ಬಸ್ಸು ಬಂತಲ್ಲ ಮಾವ."

"ಹೋಗ್ಲಿ ಬಿಡು," ಎಂದ ಹುಚ್ಚರಾಯಪ್ಪ, ಚೀಲವನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂರುತ್ತ. "ಶಿಕಾರಿಪುರ ಬರೋದ್ರೊಳಗೆ ನಾವೇ ಏನಾದ್ರೂ ಮಾಡಾಣ. ಈ ಸಲ ಬದುಕಿಸಾಣೇನು?"